ವಾಲಗ, ವಾಲ್ವ್ ಮತ್ತು ಒಂದು ಕರಿ ನಾಬ್

ಕೆಂಪು ಪೆನ್ನು ಹುಡುಕಲು ಮೇಜಿನ ಡ್ರಾಯರಿಗೆ ಕೈ ಹಾಕಿದಾಗಲೆಲ್ಲ ಮೊದಲು ಬೆರಳಿಗೆ ಸಿಗುವುದು ಅದೇ. ಹಳೇ ರೇಡಿಯೋದ ಕರಿ ನಾಬ್. ನೆಲ್ಲಿಕಾಯಿ ಗಾತ್ರ, ಅಂಚಿಗೆಲ್ಲ ಗೀರು, ನೆತ್ತಿಯ ಮೇಲೆ ಒಂದು ಬಿಳಿ ಚುಕ್ಕೆ. ಎಸೆದುಬಿಡೋಣವೆಂದು ಎರಡು ಮೂರು ಸಲ ಕಸದ ಬುಟ್ಟಿಯವರೆಗೂ ಒಯ್ದಿದ್ದೇನೆ. ಅಲ್ಲಿ ನಿಂತು ಅದನ್ನೊಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ಮತ್ತೆ ತಂದು ಡ್ರಾಯರಿನಲ್ಲೇ ಇಟ್ಟಿದ್ದೇನೆ. ಉತ್ತರ ಪತ್ರಿಕೆ ತಿದ್ದುವವರಿಗೆ ಗೊತ್ತಿರುತ್ತದೆ, ಆ ಕೆಲಸದಿಂದ ತಪ್ಪಿಸಿಕೊಳ್ಳಲು ಮನುಷ್ಯ ಏನನ್ನು ಬೇಕಾದರೂ ಕೈಯಲ್ಲಿ ಹಿಡಿದು ಕೂರುತ್ತಾನೆ. ಇವತ್ತು ನನ್ನ ಮುಂದೆ ಹತ್ತನೇ ತರಗತಿಯ ತ್ರಿಕೋನಮಿತಿ ಬಿದ್ದುಕೊಂಡಿದೆ. ನಾನು ಯಾವುದಕ್ಕೂ ಜೋಡಿಸದ ಒಂದು ನಾಬನ್ನು ತಿರುಗಿಸುತ್ತಾ ಕೂತಿದ್ದೇನೆ.

ಮಡಿಕೇರಿಯಲ್ಲಿ ನಾನು ಗಣಿತದ ಮೇಷ್ಟ್ರು. ಮದುವೆ ಸೀಸನ್ನಿನ ಶನಿವಾರ ಭಾನುವಾರಗಳಲ್ಲಿ ಗಿಟಾರ್ ಬಾರಿಸುತ್ತೇನೆ. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಹಾಗಾಗಿ ಊರವರು ಬಹಳ ಯೋಚನೆ ಮಾಡದೆ ನನಗೆ ಗಿಟಾರ್ ಭಟ್ರು ಎಂದು ಹೆಸರಿಟ್ಟಿದ್ದಾರೆ. ಹೈಸ್ಕೂಲಿನಲ್ಲಿದ್ದಾಗ ಚರ್ಚಿನ ಹಾಡಿನ ಮೇಷ್ಟ್ರೊಬ್ಬರು ತಮ್ಮ ಹಳೇ ಗಿಟಾರನ್ನು ನನಗೆ ಕೊಟ್ಟರು. ಅದನ್ನು ಮನೆಗೆ ತಂದ ದಿನ ಅಜ್ಜಿ ದೂರದಿಂದಲೇ ನೋಡಿ, "ಇದೆಂತದೋ ಇದು, ಹೊಟ್ಟೆನೋವು ಬಂದ ವೀಣೆ ಹಾಗೆ ಸೊಂಟ ಮುರ್ಕೊಂಡಿದೆ" ಎಂದಿದ್ದರು. ಅಪ್ಪ ಗಲಾಟೆ ಮಾಡಲಿಲ್ಲ. "ಬಾರಿಸೋದಾದ್ರೆ ಶ್ರುತಿ ಸೇರಿಸಿ ಬಾರಿಸು" ಎಂದಷ್ಟೇ ಹೇಳಿ ಸಂಜೆಯ ಪೂಜೆಗೆ ಹೋದರು. ಆ ವರ್ಷ ಆಯುಧಗಳಿಗೆ ಪೂಜೆ ಸಲ್ಲುವ ಕೈಲ್ ಮುಹೂರ್ತದ ದಿನ ಪಕ್ಕದ ಕೊಡವರ ಮನೆಯಲ್ಲಿ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಕಾಡುಹೂವು ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡಿ ಬಂದು, ನಾನೂ ಒಂದು ಹೂವನ್ನು ಗಿಟಾರಿನ ತುದಿಗೆ ಸಿಕ್ಕಿಸಿದೆ. ತಂತಿಗೆಲ್ಲ ಕುಂಕುಮ ಹಚ್ಚಿದೆ. ವಾರದೊಳಗೆ ತಂತಿ ತುಕ್ಕು ಹಿಡಿಯಿತು. ಭಕ್ತಿ ಹೆಚ್ಚಾದರೆ ವಾದ್ಯ ಕೆಡುತ್ತದೆ ಎಂಬುದು ನಾನು ಕಲಿತ ಮೊದಲ ಪಾಠ. ಆಮೇಲೆ ಕಲಿತ ಪಾಠಗಳೆಲ್ಲ ಇದಕ್ಕಿಂತ ಕಹಿಯಾದವು.

ನಾಬಿನ ಕಥೆಗೆ ಬರಬೇಕಾದರೆ ಕುಶಾಲಣ್ಣನನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಕುಶಾಲಪ್ಪ ಅಂತ ಪೂರ್ತಿ ಹೆಸರು. ಗಾಳಿಬೀಡಿನವರು, ಮನೆಯಲ್ಲಿ ಅರೆಭಾಷೆ ಆಡುವ ಗೌಡರು. ಮಡಿಕೇರಿಯ ಬಸ್ ಸ್ಟ್ಯಾಂಡಿನ ಹಿಂದಿನ ಇಳಿಜಾರಿನಲ್ಲಿ ಅವರ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿಯೆಂದರೆ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು. ಸೀಸ ಕಾಯಿಸಿದ ವಾಸನೆ, ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡು ನಿಂತ ರೇಡಿಯೋಗಳು. ಯಾರಾದರೂ ಬಂದು ರೇಡಿಯೋ ಕೆಟ್ಟಿದೆ ಎಂದರೆ ಬಿಚ್ಚುವ ಮೊದಲು ಅದರ ಪಕ್ಕ ಕಿವಿಯಿಟ್ಟು ಸುಮ್ಮನೆ ಕೇಳುತ್ತಿದ್ದರು. ನಾಬಿಗೆ ಅವರು ಕಿವಿ ಅನ್ನುತ್ತಿದ್ದರು. "ಕಿವಿ ಹಿಂಡಿದ್ರೆ ಯಾರಾದ್ರೂ ಮಾತಾಡ್ತಾರೆ ಮಾರಾಯ. ಆದ್ರೆ ನೋವಾಗೋ ಹಾಗೆ ಹಿಂಡಬಾರ್ದು" ಎನ್ನುತ್ತಿದ್ದರು. ಶಾಲೆಯಲ್ಲಿ ನಾನು ಈ ಸೂತ್ರವನ್ನು ಪಾಲಿಸಿದ್ದೇನೆ ಎಂದು ಹೇಳಿಕೊಳ್ಳಲಾರೆ.

ನನಗೊಂದು ಆಂಪ್ಲಿಫೈಯರ್ ಬೇಕಿತ್ತು. ಅಂಗಡಿಯಿಂದ ತರುವ ಯೋಗ್ಯತೆ ಇರಲಿಲ್ಲ. ಕುಶಾಲಣ್ಣ ಎಸ್ಟೇಟ್ ಬಂಗಲೆಗಳಲ್ಲಿ ಕೆಟ್ಟು ಮೂಲೆ ಸೇರಿದ್ದ ದೊಡ್ಡ ರೇಡಿಯೋಗಳ ಗಾಜಿನ ವಾಲ್ವ್ ಕಿತ್ತು ತಂದರು. ಟೂರಿಂಗ್ ಟಾಕೀಸಿನ ಒಂದು ಸ್ಪೀಕರ್ ಎಲ್ಲಿಂದಲೋ ಬಂತು. ತಮ್ಮ ಮನೆ ಹಿಂದೆ ಬಿದ್ದ ಹಲಸಿನ ಮರದ ಹಲಗೆಯಿಂದ ಪೆಟ್ಟಿಗೆ ಮಾಡಿದರು. ಕರೆಂಟು ಕೊಟ್ಟು ಎರಡು ನಿಮಿಷ ಕಾದರೆ ಹಿಂಭಾಗದಲ್ಲಿ ವಾಲ್ವುಗಳು ಸಂಜೆ ದೀಪದ ಹಾಗೆ ಕೆಂಪಗೆ ಹೊತ್ತಿಕೊಳ್ಳುತ್ತಿದ್ದವು. ಮುಂದೆ ನಿಂತು ಒಂದು ತಂತಿ ಮೀಟಿದರೆ ಪ್ಯಾಂಟಿನ ಕಾಲು ಅಲ್ಲಾಡುತ್ತಿತ್ತು. ಸದ್ದು ಕಿವಿಗಿಂತ ಮೊದಲು ಮೀನಖಂಡಕ್ಕೆ ತಾಗುತ್ತಿತ್ತು. ಪೆಟ್ಟಿಗೆಯ ಭಾರ ಮಾತ್ರ ಒಂದು ತುಂಬಿದ ಕಾಫಿ ಚೀಲದಷ್ಟು.

ನಮ್ಮ ಕಡೆಯ ಮದುವೆ ಗೊತ್ತಿಲ್ಲದವರಿಗೆ ಎರಡು ಮಾತು. ಕೊಡವರ ಮದುವೆಯೆಂದರೆ ವಾಲಗ. ವಾಲಗದವರು ಊದಲು ಶುರುಮಾಡಿದರೆ ಎಂಬತ್ತರ ಅಜ್ಜನೂ ಕೋಲು ಬದಿಗಿಟ್ಟು ಕೈ ಮೇಲೆತ್ತಿ ಕುಣಿಯುತ್ತಾರೆ. ಸೀಸನ್ನಿನಲ್ಲಿ ಒಳ್ಳೆಯ ವಾಲಗದವರು ಎಲ್ಲರಿಗೂ ಸಿಗುವುದಿಲ್ಲ. ಸಿಗದವರು ನಮ್ಮಂಥವರನ್ನು ಕರೆಯುತ್ತಾರೆ. ಕೀಬೋರ್ಡಿಗೆ ವಿನ್ಸೆಂಟ್, ಪ್ಯಾಡು ಬಡಿಯಲು ಅವನ ತಮ್ಮ, ವಾಲಗದ ರಾಗ ಎಳೆಯಲು ನನ್ನ ಗಿಟಾರ್. ಭಟ್ಟರ ಹುಡುಗ ಗಿಟಾರಿನಲ್ಲಿ ವಾಲಗ ಊದುತ್ತಾನೆ, ಅದೂ ಹಂದಿ ಪಲ್ಯದ ವಾಸನೆಯ ನಡುವೆ ಹಸಿದ ಹೊಟ್ಟೆಯಲ್ಲಿ, ಎಂದು ವಿನ್ಸೆಂಟ್ ಪರಿಚಯ ಮಾಡಿಕೊಡುತ್ತಿದ್ದ.

ಪೆಟ್ಟಿಗೆ ಹೋದಲ್ಲೆಲ್ಲ ಕುಶಾಲಣ್ಣ ಬರುತ್ತಿದ್ದರು. ಕರಿ ಕೋಟು, ತಲೆಗೆ ಮಫ್ಲರ್. ನನ್ನ ಬೆನ್ನ ಹಿಂದೆ ಪೆಟ್ಟಿಗೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಲಗೈಯನ್ನು ನಾಬಿನ ಮೇಲಿಟ್ಟು ಇಡೀ ಹೊತ್ತು ಕೂರುತ್ತಿದ್ದರು. ವಾಲ್ವ್ ಬಿಸಿಯಾದರೆ ನೋಡಿಕೊಳ್ಳಲು ಇರಬೇಕು ಎಂದು ನಾನು ತಿಳಿದಿದ್ದೆ. ತಿರುಗಿ ನೋಡಿದವನಲ್ಲ. ಬಾರಿಸುವಾಗ ನನ್ನ ಕಣ್ಣು ನನ್ನ ಬೆರಳ ಮೇಲೆಯೇ ಇರುತ್ತದೆ. ಅಷ್ಟು ಚಂದದ ಬೆರಳುಗಳೇನಲ್ಲ.

ಒಂದು ಸಲ ಗೋಣಿಕೊಪ್ಪದಲ್ಲಿ ವಾಲಗ ಮುಗಿದ ಮೇಲೆ ಮದುಮಗನ ಅಪ್ಪ ಬೆವರು ಒರೆಸಿಕೊಳ್ಳುತ್ತಾ ನೇರ ಸ್ಟೇಜಿಗೆ ಬಂದರು. "ಎಂಥ ಸೌಂಡ್ ಮಾರಾಯ್ರೆ! ವಾಲಗ ಅಂದ್ರೆ ಇದು!" ಎನ್ನುತ್ತಾ ಕೈ ಚಾಚಿದರು. ನಾನು ಗಿಟಾರ್ ಪಕ್ಕಕ್ಕೆ ತಳ್ಳಿ ಕೈ ಮುಂದೆ ಮಾಡಿದೆ. ಅವರು ನನ್ನನ್ನು ದಾಟಿಕೊಂಡು ಹೋಗಿ ಕುಶಾಲಣ್ಣನ ಕೈ ಹಿಡಿದು ಕುಲುಕಿದರು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನಾನು ಅದರಿಂದ ತಲೆ ಕೆರೆದುಕೊಂಡೆ. ವಿನ್ಸೆಂಟ್ ನೋಡಿದ, ನಕ್ಕ. ನಾನೂ ನಕ್ಕೆ. ಆದರೆ ಆ ಕೈ ಹೊಟ್ಟೆಯೊಳಗೆ ಹೋಗಿ ಕೂತಿತು. ಮುಂದೆ ನಾನು ಮಾಡಿದ್ದಕ್ಕೆಲ್ಲ ಭಾರ, ಜೀಪು, ವಾಲ್ವ್ ಸಿಗುವುದಿಲ್ಲ ಎಂದು ನೂರು ಕಾರಣ ಹೇಳಿದ್ದೇನೆ. ಇಷ್ಟು ವರ್ಷದ ಮೇಲೆ ನಿಮ್ಮ ಹತ್ತಿರ ಸುಳ್ಳು ಯಾಕೆ? ಕಾರಣ ಹೊಟ್ಟೆಕಿಚ್ಚು.

ಕೋವಿಡ್ ಮುಗಿದು ಮದುವೆಗಳು ಮತ್ತೆ ಶುರುವಾದ ವರ್ಷ ಪ್ರೊಸೆಸರ್ ತರಿಸಿದೆ. ನೋಡಲು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಕಾಲಲ್ಲಿ ಒತ್ತುವ ಗುಂಡಿಗಳು, ಒಂದು ಪುಟ್ಟ ಪರದೆ. ಅದರೊಳಗೆ ಲೋಕದ ಹೆಸರಾಂತ ಆಂಪ್ಲಿಫೈಯರುಗಳ ಸದ್ದೆಲ್ಲ ಲೆಕ್ಕಾಚಾರದ ರೂಪದಲ್ಲಿ ತುಂಬಿರುತ್ತದೆ. ಇನ್ನೂರು ಆಂಪು, ಅದಕ್ಕೆ ತಕ್ಕಷ್ಟು ಸ್ಪೀಕರು, ಸ್ಪೀಕರಿನ ಮುಂದೆ ಮೈಕನ್ನು ಎಷ್ಟು ಇಂಚು ದೂರ ಇಡಬೇಕು ಎಂಬುದೂ ನಮ್ಮದೇ ಆಯ್ಕೆ. ಗಣಿತದ ಮೇಷ್ಟ್ರಿಗೆ ಇನ್ನೇನು ಬೇಕು? ಆ ಮಳೆಗಾಲ ಪೂರ್ತಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಹೊರಗೆ ಗುಡ್ಡದ ಬರೆ ಕುಸಿದು ರಸ್ತೆ ಬಂದಾದ ಸುದ್ದಿ ನನಗೆ ಮರುದಿನ ಗೊತ್ತಾಯಿತು. ಒಂದು ಸದ್ದು ಚೆನ್ನಾಗಿದೆ ಅನ್ನಿಸುವಷ್ಟರಲ್ಲಿ ಮುಂದಿನದು ಇನ್ನೂ ಚೆನ್ನಾಗಿರಬಹುದು ಎಂಬ ಆಸೆ. ತಿಂಗಳು ಕಳೆದರೂ ಒಂದು ರಾಗ ಪೂರ್ತಿ ಬಾರಿಸಿರಲಿಲ್ಲ. ಹೆಂಡತಿ ಶೈಲಜಾ ಕಾಫಿ ತಂದಿಟ್ಟು, ಹೆಡ್‌ಫೋನಿನ ಒಂದು ಕಿವಿ ಎತ್ತಿ, "ನನ್ನನ್ನ ನೋಡೋಕೆ ಬಂದಾಗ ಅರ್ಧ ಗಂಟೇಲಿ ಒಪ್ಪಿದ್ರಲ್ಲ. ಆಗ ಈ ಬುದ್ಧಿ ಎಲ್ಲಿತ್ತು?" ಎಂದು ಕೇಳಿದಳು. ನಾನು ಆ ಕಿವಿಯನ್ನು ಮತ್ತೆ ಮುಚ್ಚಿಕೊಂಡೆ.

ಕೊನೆಗೊಂದು ಸದ್ದು ಸಿದ್ಧವಾಯಿತು. ಹೆಡ್‌ಫೋನಿನಲ್ಲಿ ಅದು ಎಷ್ಟು ತುಂಬಿಕೊಂಡು ಕೇಳುತ್ತಿತ್ತೆಂದರೆ ನನಗೇ ಕಣ್ಣು ಒದ್ದೆಯಾಗಿತ್ತು. ವಿರಾಜಪೇಟೆಯ ಒಂದು ಮದುವೆಗೆ ಅದನ್ನು ಒಯ್ದು, ಕಲ್ಯಾಣ ಮಂಟಪದ ದೊಡ್ಡ ಸ್ಪೀಕರಿಗೆ ಜೋಡಿಸಿ, ಕಣ್ಣು ಮುಚ್ಚಿ ಮೀಟಿದೆ. ಬಾವಿಯೊಳಗೆ ಡ್ರಮ್ಮು ಉರುಳಿಸಿದ ಹಾಗೆ ಗುಡುಗುಡು ಎಂದಿತು. ರಾಗ ಎಲ್ಲಿಯೂ ಇಲ್ಲ. ಕುಣಿಯಲು ಎದ್ದವರು ಮುಖ ಮುಖ ನೋಡಿಕೊಂಡು ಕೂತರು. ಮನೆಯಲ್ಲಿ ಮೆಲ್ಲಗೆ ಕೇಳುವಾಗ ರುಚಿ ಕೊಡುವ ಮಂದ್ರವೆಲ್ಲ ಮಂಟಪದಲ್ಲಿ ಜೋರಾದಾಗ ಕೆಸರಾಗುತ್ತದೆ ಎಂದು ಆಮೇಲೆ ಓದಿ ತಿಳಿದೆ. ಆ ದಿನ ಕುಶಾಲಣ್ಣ ನನ್ನ ವೈರು ಕಿತ್ತು, ಯಾವುದಕ್ಕೂ ಇರಲಿ ಎಂದು ಜೊತೆಗೆ ತಂದಿದ್ದ ತಮ್ಮ ಪೆಟ್ಟಿಗೆಗೆ ಚುಚ್ಚಿದರು. ಎರಡು ನಿಮಿಷ ದೀಪ ಹೊತ್ತಲು ಕಾದೆವು. "ಹೂಂ, ಈಗ ಬಾರಿಸು" ಅಂದರು. ಜನ ಎದ್ದರು. ಮತ್ತೆ ಅವರ ಕೈ ಕುಲುಕಿದರು.

ಮನೆಗೆ ಬರುವಾಗ ಜೀಪಿನಲ್ಲಿ ವಿನ್ಸೆಂಟ್ ನನ್ನ ಕಿವಿಯಲ್ಲಿ ಹೇಳಿದ, "ಭಟ್ರೇ, ನಿಮ್ಮ ಮಿಷನ್ನಲ್ಲಿ ಕ್ಯಾಪ್ಚರ್ ಅಂತ ಉಂಟಲ್ಲ. ಬೇರೆಯವರ ಆಂಪ್ ಯಾಕೆ? ಈ ಪೆಟ್ಟಿಗೆಯನ್ನೇ ಹಿಡಿದು ಒಳಗೆ ಹಾಕಿ. ಆಮೇಲೆ ಈ ಮ್ಯೂಸಿಯಂ ಹೊರೋದು ತಪ್ತದೆ." ಕುಶಾಲಣ್ಣ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು.

ಕ್ಯಾಪ್ಚರ್ ಎಂದರೆ ಇಷ್ಟು. ನಿಮ್ಮ ಹತ್ತಿರ ಒಂದು ನಿಜವಾದ ಆಂಪ್ ಇದ್ದರೆ ಅದರ ಮುಂದೆ ಮೈಕಿಟ್ಟು ಪ್ರೊಸೆಸರಿಗೆ ಜೋಡಿಸಬೇಕು. ಅದು ಆಂಪಿಗೆ ತರಾವರಿ ಸದ್ದು ಕಳಿಸಿ, ಆಂಪ್ ಹೇಗೆ ಉತ್ತರಿಸುತ್ತದೆ ಎಂದು ಕೇಳಿ, ಹತ್ತು ನಿಮಿಷದಲ್ಲಿ ಅದರ ಪಡಿಯಚ್ಚು ತೆಗೆದುಕೊಳ್ಳುತ್ತದೆ. ಒಂದು ಭಾನುವಾರ ಬೆಳಿಗ್ಗೆ ಕುಶಾಲಣ್ಣನ ಅಂಗಡಿಗೆ ಹೋದೆ. "ನಾಳೆ ವಾಲ್ವ್ ಹೋದ್ರೆ ಎಲ್ಲಿ ಹುಡುಕೋದು ಅಣ್ಣ? ಒಂದು ಕಾಪಿ ಇರ್ಲಿ ಅಂತ" ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಒದ್ದೆ ಬಟ್ಟೆಯಲ್ಲಿ ಪೆಟ್ಟಿಗೆ ಒರೆಸಿದರು, ಫೋಟೋ ತೆಗೆಯಲು ಬಂದವರ ಮುಂದೆ ಮಗುವಿನ ಮುಖ ಒರೆಸಿದ ಹಾಗೆ.

"ಇನ್ನು ಮುಟ್ಟಬೇಡಿ ಅಣ್ಣ. ನಾಬ್ ಸ್ವಲ್ಪ ಅಲ್ಲಾಡಿದ್ರೂ ಲೆಕ್ಕ ತಪ್ತದೆ" ಎಂದೆ.

ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಪ್ರೊಸೆಸರ್ ಕುಂಯ್ ಎಂದು ಏರಿತು, ಗುರ್ರ್ ಎಂದು ಇಳಿಯಿತು, ಕಾದ ಬಾಣಲೆಗೆ ನೀರು ಬಿದ್ದಂತೆ ಚಟಪಟ ಎಂದಿತು. "ಇದೆಂತ ಮಾರಾಯ, ಡಾಕ್ಟ್ರು ಬೆನ್ನು ತಟ್ಟಿ ನೋಡಿದ ಹಾಗೆ?" ಎಂದು ನಕ್ಕರು. ಮುಗಿದ ಮೇಲೆ ಅವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಒಮ್ಮೆ ಪೆಟ್ಟಿಗೆಯಿಂದ, ಒಮ್ಮೆ ಪ್ರೊಸೆಸರಿನಿಂದ ಅದೇ ರಾಗ ಬಾರಿಸಿದೆ. ರೇಡಿಯೋದ ಕೆಮ್ಮು ಕೇಳಿ ರೋಗ ಹೇಳುವ ಆ ಕಿವಿಗೂ ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಮೂರು ಸಲ ಕೇಳಿದರು, ಮೂರು ಸಲವೂ ತಪ್ಪು ಹೇಳಿದರು. ನನಗೆ ಆದ ಸಂತೋಷ ಹೇಳಿಕೊಳ್ಳುವಂಥದ್ದಲ್ಲ.

"ನೋಡಿ ಅಣ್ಣ, ಎಲ್ಲ ಇದರೊಳಗೆ ಬಂತು" ಎಂದೆ.

"ಎಲ್ಲ ಬಂತಾ? ಹಾಗಾದ್ರೆ ನನ್ನ ಕೆಲಸ ಮುಗೀತಲ್ಲ ಮಾರಾಯ!" ಎಂದು ಅವರು ಜೋರಾಗಿ ನಕ್ಕರು. ನಾನು ನಗಬೇಕಿತ್ತು. ನಗುತ್ತಾ, ಎಂಥ ಮಾತು ಅಣ್ಣ ಎಂದು ಹೇಳಬೇಕಿತ್ತು. ನಾನು ಬಗ್ಗಿ ವೈರು ಸುತ್ತತೊಡಗಿದೆ. ಅವರ ನಗು ಮಧ್ಯದಲ್ಲೇ ನಿಂತಿತು. "ಮುಂದಿನ ಮದುವೆಗೆ ಫೋನ್ ಮಾಡ್ತೇನೆ" ಎಂದು ಹೇಳಿ ಹೊರಟೆ. ಮಾಡಲಿಲ್ಲ. ಅದರ ಮುಂದಿನದಕ್ಕೂ ಮಾಡಲಿಲ್ಲ. ಪೇಟೆಯಲ್ಲಿ ಅವರ ಮಫ್ಲರ್ ದೂರದಿಂದ ಕಂಡರೆ ಔಷಧಿ ಅಂಗಡಿಗೆ ನುಗ್ಗಿ ಇಲ್ಲದ ತಲೆನೋವಿಗೆ ಮಾತ್ರೆ ಕೇಳುತ್ತಿದ್ದೆ.

ಬಾಳೆಲೆ ಊರಿನ ಮದುವೆಗೆ ಜೀಪಿನಲ್ಲಿ ಕಾಲು ಚಾಚಿಕೊಂಡು ಹೋದೆವು. ಪೆಟ್ಟಿಗೆಯಿಲ್ಲ, ಮುದುಕರಿಲ್ಲ. ಮಂದ್ರ ಎಷ್ಟು ಕತ್ತರಿಸಬೇಕೆಂಬುದು ಈಗ ಗೊತ್ತಿತ್ತು. ಸದ್ದು ಪೆಟ್ಟಿಗೆಯದೇ. ಪ್ಯಾಂಟಿನ ಕಾಲು ಅಲ್ಲಾಡಲಿಲ್ಲ ಎಂಬುದೊಂದೇ ವ್ಯತ್ಯಾಸ, ಅದು ನನ್ನ ಕಾಲಿಗೆ ಬಿಟ್ಟರೆ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಮಧ್ಯಾಹ್ನದವರೆಗೂ ಎಲ್ಲ ಚೆನ್ನಾಗಿಯೇ ಆಯಿತು. ಆಮೇಲೆ ಗಂಗಾಪೂಜೆ ಬಂತು.

ಮದುಮಗಳು ಬಾವಿಗೆ ಪೂಜೆ ಮಾಡಿ, ನೀರು ತುಂಬಿದ ಬಿಂದಿಗೆ ತಲೆಯ ಮೇಲೆ ಹೊತ್ತು ಗಂಡನ ಮನೆಯ ಬಾಗಿಲ ಕಡೆ ನಡೆಯಬೇಕು. ಗಂಡಿನ ಕಡೆಯವರು ಅವಳ ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ. ಅವರು ಒಂದು ಹೆಜ್ಜೆ ಬಿಟ್ಟುಕೊಟ್ಟರೆ ಅವಳು ಒಂದು ಹೆಜ್ಜೆ ಮುಂದಿಡಬೇಕು. ಬಿಡದಿದ್ದರೆ ಬಿಂದಿಗೆ ಹೊತ್ತು ನಿಂತೇ ಇರಬೇಕು. ಅದು ತಮಾಷೆಯೂ ಹೌದು, ಹುಡುಗಿಯ ತಾಳ್ಮೆಯ ಪರೀಕ್ಷೆಯೂ ಹೌದು. ನಾವು ಅಂಗಳದ ಬದಿಯ ಚಪ್ಪರದಲ್ಲಿ ನಿಂತು ಬಾರಿಸುತ್ತಿದ್ದೆವು. ಅರ್ಧ ಗಂಟೆ, ಮುಕ್ಕಾಲು ಗಂಟೆ, ಒಂದು ಗಂಟೆ. ಕುಣಿಯುವವರು ಒಂದು ಗೇಣು ಹಿಂದೆ ಸರಿಯಲಿಲ್ಲ. ಸದ್ದು ಶುರುವಿನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು, ಅವರ ಉತ್ಸಾಹವೂ ಅಷ್ಟೇ ಇತ್ತು. ನಾನು ಬೆರಳು ನೋಡಿಕೊಂಡು ಹೆಮ್ಮೆಯಿಂದ ಬಾರಿಸುತ್ತಿದ್ದೆ. ಗಲಾಟೆ ಕೇಳಿ ತಲೆಯೆತ್ತಿದಾಗ ಮದುಮಗಳ ಕುತ್ತಿಗೆ ನಡುಗುತ್ತಿತ್ತು. ಬಿಂದಿಗೆಯ ನೀರು ತುಳುಕಿ ಹಣೆಯ ಮೇಲಿಂದ ಇಳಿದು ರವಿಕೆ ಒದ್ದೆಯಾಗಿತ್ತು. ಕಣ್ಣೀರು ಯಾವುದು, ಬಾವಿ ನೀರು ಯಾವುದು ತಿಳಿಯದ ಹಾಗಿತ್ತು ಮುಖ. ಅವಳ ಸೋದರಮಾವ ಗಂಡಿನ ಕಡೆಯವರ ಮೇಲೆ ಕೂಗಾಡುತ್ತಿದ್ದರು. ಅವಳು ಎಲ್ಲರನ್ನೂ ಬಿಟ್ಟು ನನ್ನ ಕಡೆ ನೋಡಿದಳು. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾರಿಸುತ್ತಲೇ ಇದ್ದೆ.

ಅಂತೂ ಯಾರೋ ಹಿರಿಯರು ಬಂದು ಬಿಡಿಸಿದರು. ಸೀರೆಯ ಸೆರಗು ಬಲಭುಜಕ್ಕೆ ಸಿಕ್ಕಿಸಿಕೊಂಡಿದ್ದ ಒಬ್ಬ ಕೊಡವ ಅಜ್ಜಿ ಚಪ್ಪರದ ಹತ್ತಿರ ಬಂದು ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದರು.

"ಆ ಕೂತ್ಕೊಳ್ಳೋ ಅಣ್ಣ ಎಲ್ಲಿ?"

"ಯಾರು ಅಜ್ಜಿ?"

"ಮಫ್ಲರ್ ಹಾಕ್ಕೊಂಡು ಪೆಟ್ಟಿಗೆ ಹತ್ರ ಕೂರ್ತಾರಲ್ಲ, ಅವ್ರು. ಅವ್ರಿದ್ದಿದ್ರೆ ಹುಡುಗಿ ಯಾವಾಗ್ಲೋ ಒಳಗೆ ಹೋಗಿರ್ತಿತ್ತು. ಹುಡುಗಿ ಕತ್ತು ನೋಡಿ ನೋಡಿ ಸೌಂಡ್ ಇಳಿಸ್ತಾರೆ. ಸೌಂಡ್ ಇಳಿದ್ರೆ ಇವರ ಕಾಲೂ ಇಳೀತದೆ, ದಾರಿ ಬಿಡ್ತಾರೆ. ಮತ್ತೆ ಏರಿಸ್ತಾರೆ, ಇವ್ರಿಗೂ ಬೇಜಾರಾಗ್ಬಾರ್ದಲ್ಲ. ನನ್ನ ಮೊಮ್ಮಗಳನ್ನ ಹಾಗೇ ಒಳಗೆ ಕರ್ಕೊಂಡು ಹೋದ್ರು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅಷ್ಟು ವರ್ಷ ನನ್ನ ಬೆನ್ನಿನ ಹಿಂದೆಯೇ ನಡೆದದ್ದು ನನಗೆ ಗೊತ್ತಿರಲಿಲ್ಲ. ಕ್ಯಾಪ್ಚರ್ ಮಾಡುವಾಗ ಆಂಪಿನ ನಾಬ್ ಎಲ್ಲಿರುತ್ತದೋ ಆ ಒಂದೇ ಜಾಗದ ಸದ್ದು ಒಳಗೆ ಹೋಗುತ್ತದೆ ಎಂದು ಮ್ಯಾನ್ಯುವಲಿನ ಎರಡನೇ ಪುಟದಲ್ಲೇ ಬರೆದಿತ್ತು. ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಮುಟ್ಟಬೇಡಿ ಎಂದು ಹೇಳಿ ಕಂಕುಳಲ್ಲಿ ಇಡಿಸಿದ ಆ ಎರಡು ಕೈಗಳೇ ವಾಲಗವೆಂದು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ.

ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ಪ್ರೊಸೆಸರಿನ ಬದಿಗೆ ಕಾಲಲ್ಲಿ ಒತ್ತುವ ವಾಲ್ಯೂಮ್ ಪೆಡಲ್ ಇದೆ. ಮುಂದಿನ ಮದುವೆಯಲ್ಲಿ ಐದು ನಿಮಿಷ ಆದಮೇಲೆ ಇಳಿಸುವುದು, ಮೂರು ನಿಮಿಷ ಬಿಟ್ಟು ಮತ್ತೆ ಏರಿಸುವುದು ಎಂದು ಲೆಕ್ಕ ಹಾಕಿಕೊಂಡು ಹೋದೆ. ಹುಡುಗಿ ನಗುನಗುತ್ತಾ ನಿಂತಿದ್ದಾಗ ಇಳಿಸಿದೆ. "ಎಂತ ಭಟ್ರೇ, ಬ್ಯಾಟರಿ ಹೋಯ್ತಾ?" ಎಂದು ಯಾರೋ ಕೂಗಿದರು. ಅವಳು ಸೋತಾಗ ಏರಿಸಿದೆ. ಬೆರಳು ನೋಡಿದರೆ ಹುಡುಗಿ ಕಾಣುವುದಿಲ್ಲ, ಹುಡುಗಿಯನ್ನು ನೋಡಿದರೆ ಬೆರಳು ತಪ್ಪುತ್ತದೆ. ನಡುವೆ ಕರೆಂಟು ಹೋಗಿ ಜನರೇಟರ್ ಬರುವಷ್ಟರಲ್ಲಿ ಪ್ರೊಸೆಸರ್ ಆರಿ ಮತ್ತೆ ಹೊತ್ತಿ, ಕಂಪನಿಯ ಚಿತ್ರ ತೋರಿಸುತ್ತಾ ಒಂದು ನಿಮಿಷ ಸುಮ್ಮನೆ ಕೂತಿತು. ಆ ಒಂದು ನಿಮಿಷದಲ್ಲಿ ಮದುಮಗಳು ದಡದಡ ನಡೆದು ಒಳಗೆ ಹೋದಳು. ನನ್ನ ಇಡೀ ಸಂಗೀತ ಜೀವನದಲ್ಲಿ ಒಬ್ಬ ಹುಡುಗಿಗೆ ನಾನು ಮಾಡಿದ ಉಪಕಾರ ಅದೊಂದೇ.

ಆಗ ಗಾಳಿಬೀಡಿಗೆ ಹೋದೆ. ಅಂಗಡಿ ಮುಚ್ಚಿದೆ, ಮನೆಯಲ್ಲೇ ಇದ್ದಾರೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದರು. ಜಗಲಿಯಲ್ಲಿ ಕೂತು ಟಾರ್ಚೊಂದನ್ನು ಬಿಚ್ಚುತ್ತಿದ್ದ ಕುಶಾಲಣ್ಣ ತಲೆಯೆತ್ತಿ, "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಅಂದರು. ಮೂವತ್ತು ವರ್ಷ ನನ್ನನ್ನು ಏಕವಚನದಲ್ಲಿ, ಮಾರಾಯ ಎಂದೇ ಕರೆದವರು. ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅವರ ಹೆಂಡತಿ ಬೆಲ್ಲದ ಕಾಫಿ ತಂದುಕೊಟ್ಟು ಎಂದಿನಂತೆ ನನ್ನ ಮಕ್ಕಳ ಓದನ್ನು ವಿಚಾರಿಸಿದರು. ಆ ಅತ್ತಿಗೆಗೆ ಕುಶಾಲಣ್ಣ ಏನೂ ಹೇಳಿರಲಿಲ್ಲವೆಂದು ಕಾಣುತ್ತದೆ.

"ಪೆಟ್ಟಿಗೆ ಎಲ್ಲಿ ಅಣ್ಣ?"

"ಅದಾ? ಬಿಚ್ಚಿಬಿಟ್ಟೆ. ಅಲ್ಲುಂಟು ನೋಡಿ."

ಜಗಲಿಯ ಮೂಲೆಯಲ್ಲಿ ಹಲಸಿನ ಪೆಟ್ಟಿಗೆ ಬಾಯಿ ಮೇಲೆ ಮಾಡಿ ಕೂತಿತ್ತು. ಒಳಗೆ ಒಣಗಿದ ಕಾಳುಮೆಣಸು.

"ಯಾಕಣ್ಣ ಬಿಚ್ಚಿದ್ರಿ?" ನನ್ನ ಧ್ವನಿ ಕೂಗಿನಂತೆ ಬಂತು.

"ನೀವೇ ಹೇಳಿದ್ರಲ್ಲ ಮೇಷ್ಟ್ರೇ, ಎಲ್ಲ ಅದರೊಳಗೆ ಬಂತು ಅಂತ? ಮತ್ತೆ ಎರಡೆರಡು ಎಂತಕ್ಕೆ? ವಾಲ್ವ್ ಈಗ ಸಿಗ್ತದಾ? ಸುಂಟಿಕೊಪ್ಪ ಹತ್ರ ಒಬ್ಬರು ವಯಸ್ಸಾದವರು, ಗಂಡನ ಕಾಲದ ರೇಡಿಯೋ, ಎಷ್ಟೋ ವರ್ಷದಿಂದ ಸುಮ್ಮನೆ ಕೂತಿತ್ತು. ಅದಕ್ಕೆ ಹಾಕಿಕೊಟ್ಟೆ. ಈಗ ಬೆಳಿಗ್ಗೆ ವಾರ್ತೆ ಕೇಳ್ತಾರಂತೆ."

ಅವರು ವ್ಯಂಗ್ಯವಾಡಲಿಲ್ಲ. ಅದೇ ನನ್ನನ್ನು ಕೊಂದದ್ದು. ನನ್ನ ಮಾ‌ತನ್ನು ಅವರು ನಿಜವೆಂದೇ ತಿಳಿದಿದ್ದರು. ಗಣಿತದ ಮೇಷ್ಟ್ರು ಲೆಕ್ಕ ಹಾಕಿ ಹೇಳಿದ ಮಾತು.

"ಪೆಟ್ಟಿಗೆ ಇಲ್ಲದಿದ್ರೂ ಪರವಾಗಿಲ್ಲ ಅಣ್ಣ. ನೀವು ಬನ್ನಿ. ಬಂದು ಕೂತ್ರೆ ಸಾಕು" ಎಂದೆ.

"ಬರೀ ಕೂರ್ಲಿಕ್ಕಾ?" ಅವರು ಟಾರ್ಚಿನ ಮುಚ್ಚಳ ತಿರುಗಿಸುತ್ತಾ ಹೇಳಿದರು. "ಪೆಟ್ಟಿಗೆ ಇದ್ರೆ ಕುರ್ಚಿಗೊಂದು ಅರ್ಥ. ಇಲ್ಲದೆ ಅಲ್ಲಿ ಕೂತ್ರೆ ನನ್ನನ್ನ ಊಟಕ್ಕೆ ಬಂದವ ಅಂತಾರೆ."

ತಪ್ಪಾಯಿತು ಎನ್ನಬೇಕಿತ್ತು. ದಿನಕ್ಕೆ ನೂರು ಸಲ ಕೆಂಪು ಪೆನ್ನಿನಲ್ಲಿ ಬೇರೆಯವರ ಉತ್ತರದ ಮೇಲೆ ಬರೆಯುವ ಶಬ್ದ. ಕಾಫಿ ಚೆನ್ನಾಗಿತ್ತು ಎಂದೆ. ಹೊರಡುವಾಗ ಕುಶಾಲಣ್ಣ ಒಳಗೆ ಹೋಗಿ ಈ ನಾಬ್ ತಂದುಕೊಟ್ಟರು. "ಇದೊಂದು ಉಳೀತು. ಆ ರೇಡಿಯೋಗೆ ಹೊಂದ್ಲಿಲ್ಲ. ಇಟ್ಕೊಳ್ಳಿ." ಅಂಚಿನ ಗೀರುಗಳು ಅವರ ಹೆಬ್ಬೆರಳು ಕೂರುವ ಕಡೆ ಮಾತ್ರ ಸವೆದು ನುಣ್ಣಗಾಗಿದ್ದವು. ಗಾಳಿಬೀಡಿನ ಇಳಿಜಾರು ಇಳಿಯುವಾಗ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧದಲ್ಲಿ ನನ್ನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು. ಆದರೆ ಕಳೆದ ಏಪ್ರಿಲ್ಲಿನಲ್ಲಿ ಶ್ರೀಮಂಗಲದಲ್ಲಿ ಒಂದು ಮದುವೆಯಾಯಿತು.

ಮದುಮಗನ ಮನೆಯವರು ಕುಶಾಲಣ್ಣನ ಹಳೇ ಗಿರಾಕಿಗಳು. ನಾವು ಅಂಗಳದ ಚಪ್ಪರದಲ್ಲಿ ವೈರು ಬಿಡಿಸುತ್ತಿದ್ದಾಗ ಎದುರಿನ ಕುರ್ಚಿ ಸಾಲಿನಲ್ಲಿ ಕರಿ ಕೋಟು, ಮಫ್ಲರ್ ಕಂಡಿತು. ಈ ಸಲ ನಿಜವಾಗಿಯೂ ಊಟಕ್ಕೆ ಬಂದವರು. ನಾನು ತಲೆಯಾಡಿಸಿದೆ, ಅವರೂ ಆಡಿಸಿದರು. ನಾಲ್ಕು ಗಂಟೆಯ ಬಿಸಿಲಿನಲ್ಲಿ ಗಂಗಾಪೂಜೆ ಶುರುವಾಯಿತು. ಹುಡುಗಿ ಸಣಕಲು. ತಲೆಯ ಮೇಲೆ ಬಿಂದಿಗೆ ಇಟ್ಟಾಗಲೇ ಅವಳ ಮುಖ ಬಿಗಿಯಿತು. ಗಂಡಿನ ಕಡೆಯ ಇಪ್ಪತ್ತು ಮಂದಿ ತೋಳೆತ್ತಿಕೊಂಡು ಎದುರು ನಿಂತರು. ನಾನು ವಾಲಗ ಹಿಡಿದೆ.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಕುಶಾಲಣ್ಣನ ಬಲಗೈ ಅವರ ಮೊಣಕಾಲಿನ ಮೇಲಿತ್ತು. ಇಲ್ಲದ ಒಂದು ನಾಬನ್ನು ಹೆಬ್ಬೆರಳು ಮತ್ತು ಎರಡು ಬೆರಳು ಹಿಡಿದಿದ್ದವು. ಕಣ್ಣು ಮದುಮಗಳ ಕತ್ತಿನ ಮೇಲೆ. ಕೈ ಮೆಲ್ಲಗೆ ಎಡಕ್ಕೆ ತಿರುಗಿತು. ಸದ್ದು ಇಳಿಯಲಿಲ್ಲ. ಇನ್ನಷ್ಟು ತಿರುಗಿತು. ಇಳಿಯಲಿಲ್ಲ. ಅವರಿಗೆ ತಾವು ಹಾಗೆ ಮಾಡುತ್ತಿದ್ದೇವೆಂಬ ಅರಿವೂ ಇರಲಿಲ್ಲವೆಂದು ಕಾಣುತ್ತದೆ.

ನಾನು ಕಾಲನ್ನು ಪೆಡಲಿನ ಮೇಲಿಟ್ಟೆ. ಜೀವನದಲ್ಲಿ ಮೊದಲ ಸಲ ನನ್ನ ಬೆರಳುಗಳನ್ನು ನೋಡದೆ ಬಾರಿಸಿದೆ. ಅವರ ಕೈ ಎಡಕ್ಕೆ ಹೋದರೆ ನನ್ನ ಹಿಮ್ಮಡಿ ಇಳಿಯಿತು, ಬಲಕ್ಕೆ ಬಂದರೆ ಮುಂಗಾಲು ಒತ್ತಿತು. ಎರಡು ಸ್ವರ ತಪ್ಪಿದವು, ಯಾರಿಗೂ ಬೇಕಿರಲಿಲ್ಲ. ನನ್ನ ಸದ್ದು ಇಳಿದರೆ ವಿನ್ಸೆಂಟನ ಕೈಯೂ ತಾನಾಗಿ ಇಳಿಯಿತು. ಎದುರಿನವರ ತೋಳುಗಳು ಭುಜದ ಮಟ್ಟಕ್ಕೆ ಬಂದವು, ಯಾರೋ ಬೆವರು ಒರೆಸಲು ಬದಿಗೆ ಸರಿದರು, ಹುಡುಗಿ ಒಂದು ಹೆಜ್ಜೆ ಇಟ್ಟಳು. ಮತ್ತೆ ಏರಿತು, ಅವರು ಕುಣಿದರು, ನಕ್ಕರು. ಮತ್ತೆ ಇಳಿಯಿತು, ಇನ್ನೊಂದು ಹೆಜ್ಜೆ. ಕಾಲು ಗಂಟೆಯಲ್ಲಿ ಹುಡುಗಿ ಒಂದು ಹನಿ ತುಳುಕಿಸದೆ ಹೊಸ್ತಿಲು ದಾಟಿದಳು. ಅಂಗಳವೆಲ್ಲ ಹೋ ಎಂದಿತು. ಮದುಮಗನ ಅಪ್ಪ ಓಡಿ ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಎಂಥ ವಾಲಗ ಭಟ್ರೇ!" ಎಂದು ಕುಲುಕಿದರು. ಎಷ್ಟು ವರ್ಷದಿಂದ ಕಾದಿದ್ದ ಕುಲುಕು. ನಾನು ಅವರ ಭುಜದ ಮೇಲಿಂದ ಕುಶಾಲಣ್ಣನನ್ನು ನೋಡಿ ನಕ್ಕೆ.

ಅವರು ನಗಲಿಲ್ಲ. ಅವರ ಕಣ್ಣು ಪೆಡಲಿನ ಮೇಲಿದ್ದ ನನ್ನ ಕಾಲಿನ ಕಡೆಗಿತ್ತು. ಆಮೇಲೆ ತಮ್ಮ ಮೊಣಕಾಲಿನ ಮೇಲಿದ್ದ ಕೈಯನ್ನು, ಅದು ಬೇರೆ ಯಾರದೋ ಎಂಬ ಹಾಗೆ ನೋಡಿಕೊಂಡರು. ಎದ್ದರು. ಊಟದ ಚಪ್ಪರಕ್ಕೆ ಹೋಗುವ ದಾರಿ ನಮ್ಮ ಮುಂದೆಯೇ ಇತ್ತು. ಹತ್ತಿರ ಬಂದು ಒಂದು ಕ್ಷಣ ನಿಂತರು.

"ಈಗ ಪೂರ್ತಿ ಬಂತಲ್ಲ ಮೇಷ್ಟ್ರೇ, ನಿಮ್ಮ ಪೆಟ್ಟಿಗೆಯೊಳಗೆ" ಎಂದರು.

ನಾನು ಗಿಟಾರನ್ನು ಪಕ್ಕಕ್ಕೆ ತಳ್ಳಿ ಕೈ ಚಾಚಿದೆ. ಅವರ ಬಲಗೈ ಕೋಟಿನ ಜೇಬಿನಲ್ಲಿತ್ತು. ಅವರು ಅದನ್ನು ಹೊರಗೆ ತೆಗೆಯಲಿಲ್ಲ.